ಬಿಚ್ಚಿ ಕಟ್ಟದ ತಾಳಿ

ಹನಗೋಡಿನ ಫೋಟೋ ಗುರುಸ್ವಾಮಿಗೆ ಐವತ್ತು ದಾಟಿದರೂ ಒಂದು ಹಠ ಹೋಗಿರಲಿಲ್ಲ. ತಾಳಿ ಕಟ್ಟುವುದು ಒಂದೇ ಸಲ. ಕ್ಯಾಮೆರಾಗೆ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಈಗಿನ ಛತ್ರಗಳಲ್ಲೋ ಪುರೋಹಿತರು "ಗಟ್ಟಿಮೇಳ" ಎನ್ನುವ ಮೊದಲು ಪಂಚಾಂಗ ನೋಡುವುದಿಲ್ಲ, ಫೋಟೋದವನ ಮುಖ ನೋಡುತ್ತಾರೆ. ಅವನು "ಲೈಟ್ ಸರಿಯಿಲ್ಲ ಸ್ವಾಮಿ" ಎಂದರೆ ಮುಕ್ಕೋಟಿ ದೇವತೆಗಳೂ ಕೈಕಟ್ಟಿ ಕಾಯಬೇಕು. ಫೋಟೋ ಸರಿಬರಲಿಲ್ಲವೆಂದರೆ ಮೂರು ಗಂಟು ಹಾಕಿದ ಮದುಮಗ ಅದನ್ನು ಬಿಚ್ಚಿ, ಹಲ್ಲು ಕಿರಿದು, ಮತ್ತೆ ಕಟ್ಟುತ್ತಾನೆ.

ಇದಕ್ಕೆ ಒಪ್ಪದ ಗುರುಸ್ವಾಮಿಯ ಬಳಿ ಯಾವ ಜೊತೆಗಾರನೂ ನಿಲ್ಲಲಿಲ್ಲ. ಒಂಟಿ ಕ್ಯಾಮೆರಾದವನನ್ನು ಮದುವೆಗೆ ಕರೆಯುವವರೂ ಕಡಿಮೆಯಾದರು. ತನ್ನಂಥ ಇನ್ನೊಬ್ಬರು ಬೇಗ ಸಿಗದಿದ್ದರೆ ಸ್ಟುಡಿಯೋಗೆ ಬೀಗ ಜಡಿದು, ಅಣ್ಣನ ಹೊಗೆಸೊಪ್ಪು ಹದಮಾಡುವ ಬ್ಯಾರನ್ ಗೂಡಿಗೆ ಸೌದೆ ಒಟ್ಟುವುದೇ ಗತಿ.

"ನಿನ್ನಂಥೋನು ಇನ್ನೊಬ್ಬ ಉಟ್ಟಿದ್ರೆ, ಇಷ್ಟೊತ್ಗೆ ಅವನೂ ಮುಳುಗೋಗಿರ್ತಾನೆ ಬುಡು," ಎಂದಳು ಹೆಂಡತಿ ಸಣ್ಣತಾಯಮ್ಮ.

ಅಷ್ಟರಲ್ಲಿ ಕೆ.ಆರ್. ನಗರದ ಒಂದು ಮದುವೆಗೆ ಹೆಣ್ಣಿನ ಕಡೆಯವರು ಕರೆದರು. ಗಂಡಿನ ಕಡೆಯವರು ತಮ್ಮದೇ ಫೋಟೋದವರನ್ನು ಕರೆತರುವುದು ನಮ್ಮ ಕಡೆಯ ವಾಡಿಕೆ. ಬೀಗರು ಒಂದಾದರೂ ಈ ಇಬ್ಬರು ಫೋಟೋದವರು ಒಂದಾಗುವುದಿಲ್ಲ. ಅಂದು ಗಂಡಿನ ಕಡೆಯಿಂದ ಕ್ಯಾಮೆರಾ ಹಿಡಿದು ಬಂದವಳು ಗಾವಡಗೆರೆಯ ಬೃಂದಾ. ಯಾರಿಗೂ ಮೊಣಕೈ ತಾಗಿಸದೆ ಎದುರು ಮೂಲೆಯಲ್ಲಿ ನಿಂತಿದ್ದಳು. 'ಇನ್ನೇನು ಬಿಚ್ಚಿ ಕಟ್ಸಾಕೆ ಶುರು ಹಚ್ಕೊತಾಳೆ' ಎಂದು ಗುರುಸ್ವಾಮಿ ಹಲ್ಲು ಕಚ್ಚಿಕೊಂಡು ಕಾದ.

ಗಟ್ಟಿಮೇಳ ಮೊಳಗಿತು. ತಾಳಿ ಕೊರಳಿಗೆ ಬೀಳುವ ಹೊತ್ತಿಗೆ ಸರಿಯಾಗಿ ಗಂಡಿನ ಸೋದರಮಾವ ಮಹದೇವಪ್ಪ ಮೊಬೈಲ್ ಎತ್ತಿಕೊಂಡು ನಡುವೆ ನುಗ್ಗಿದರು. ಗುರುಸ್ವಾಮಿಗೆ ಅವರ ಬೆನ್ನು ಸಿಕ್ಕಿತು, ಬೃಂದಾಗೆ ಹೊಟ್ಟೆ.

"ಅದ್ಕೇನಂತೆ, ಬಿಚ್ಚಿ ಇನ್ನೊಂದ್ಸಲ ಕಟ್ಸಿ!" ಎಂದರು ಮಹದೇವಪ್ಪನವರೇ.

ಗುರುಸ್ವಾಮಿ ಬಾಯಿ ತೆರೆಯುವ ಮೊದಲೇ ಎದುರು ಮೂಲೆಯಿಂದ ಬೃಂದಾಳ ಮಾತು ಬಂತು. "ತಾಳಿ ಏನು ಎಮ್ಮೆ ಅಗ್ಗವಾ ಮಾವ, ಬಿಚ್ಚಿ ಕಟ್ಟಾಕೆ? ಕಟ್ಟಿದ್ದಾಯ್ತು. ಇನ್ನೊಂದ್ಸಲ ಕಟ್ಟಿದ್ರೆ ನಾನು ಫೋಟೋ ತೆಗೆಯಾಕಿಲ್ಲ."

"ನಾನೂ ತೆಗೆಯಾಕಿಲ್ಲ ಕಣ್ರೀ!" ಎಂದ ಗುರುಸ್ವಾಮಿ. ತನ್ನ ಮದುವೆಯಲ್ಲೂ ಅವನು ಅಷ್ಟು ಹಿಗ್ಗಿರಲಿಲ್ಲ.

ಈ ಇಬ್ಬರ ಮೇಲಿನ ಬೈಗುಳ ಊಟದ ಪಂಕ್ತಿಯವರೆಗೂ ಹರಿಯಿತು. ಎರಡೂ ಕಡೆಯವರು ಮನಸಾರೆ ಒಂದಾಗಿದ್ದು ಅದೊಂದರಲ್ಲೇ. ಕಡೇ ಪಂಕ್ತಿಯಲ್ಲಿ ಅಕ್ಕಪಕ್ಕದ ಎಲೆಗೆ ಕೂತಾಗ ಗುರುಸ್ವಾಮಿ ಕೇಳಿಯೇಬಿಟ್ಟ.

"ಅವ್ವಾ, ನನ್ ಜೊತೆ ಸೇರ್ಕೊತೀಯಾ?"

"ಸೇರ್ಕೊತೀನಿ ಕಣಣ್ಣ. ಆದ್ರೆ ನಮ್ಮಿಬ್ರನ್ನೂ ಕರೆಯೋರ್ಯಾರು?"

"ಪಾಯಸ ಉಣ್ಣವ್ವ ಮೊದ್ಲು."

ಸ್ಟುಡಿಯೋಗೆ ಬೀಗ ಬೀಳಲಿಲ್ಲ. ಈಗಲೂ ಕರೆಯುವವರು ಕಡಿಮೆಯೇ. ಆದರೆ ಕರೆದವರು ಗಟ್ಟಿಮೇಳಕ್ಕೆ ಮುಂಚೆ ತಮ್ಮ ಸೋದರಮಾವಂದಿರನ್ನೆಲ್ಲ ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂರಿಸಿ, ಒಬ್ಬೊಬ್ಬರ ರಟ್ಟೆಯನ್ನು ಇಬ್ಬಿಬ್ಬರು ಹಿಡಿದುಕೊಂಡಿರುತ್ತಾರೆ.