ಪೊಟ್ಟಣದಕ್ಕನ ಪೆಟ್ಟಿಗೆಗಳು

ಬೇಕರಿಯಲ್ಲಿ ಬಿಸ್ಕತ್ತಿನ ಪೊಟ್ಟಣ ಕಟ್ಟುತ್ತ ಕಟ್ಟುತ್ತಲೇ ತಲೆ ನರೆತ ಆಕೆಯನ್ನು ಬೀದಿಯೆಲ್ಲ ಪೊಟ್ಟಣದಕ್ಕ ಎಂದೇ ಕರೆಯುತ್ತಿತ್ತು. ಒಂದು ಬಿಸ್ಕತ್ತೂ ಮುಕ್ಕಾಗದಂತೆ ಕಟ್ಟುವುದರಲ್ಲಿ ಆಕೆಯದು ಎತ್ತಿದ ಕೈ. ಅಂಥವಳಿಗೆ ಸ್ವಂತ ಮನೆಯ ನಾಲ್ಕು ಪಾತ್ರೆ ಕಟ್ಟಲು ಬರುತ್ತಿಲ್ಲ ಎಂದರೆ ಯಾರು ನಂಬುತ್ತಾರೆ?

ಐವತ್ತು ದಾಟಿದ ಮೇಲೆ ಮದುವೆ. ಗಂಡು ಸೈಕಲ್ ರಿಪೇರಿಯವನು, ಹೆಂಡತಿ ತೀರಿಕೊಂಡವನು, ಒಳ್ಳೆಯವನು. ಜನ ಆಡಿಕೊಂಡರು, ಆಡಿಕೊಳ್ಳಲಿ, ಅವರ ಬಾಯಿಗೆ ಬೀಗ ಹಾಕುವವರು ಯಾರು! ಪೊಟ್ಟಣದಕ್ಕನ ತಲೆನೋವೇ ಬೇರೆ. ಅಪ್ಪ ಅಮ್ಮ ಹೋದ ಮೇಲೆ ಅವಳೂ, ಬಟ್ಟೆ ಹೊಲಿಯುವ ತಂಗಿಯೂ ಕೂಡಿಯೇ ಸಂಸಾರ ಮಾಡಿದವರು. ಇದು ನನ್ನದು, ಅದು ನಿನ್ನದು ಎಂಬ ಮಾತೇ ಆ ಮನೆಯಲ್ಲಿ ಹುಟ್ಟಿರಲಿಲ್ಲ. ಈಗ ಯಾವುದನ್ನು ಒಯ್ಯುವುದು, ಯಾವುದನ್ನು ಬಿಡುವುದು? ತಂಗಿಯ ಕೈ ಬರಿದು ಮಾಡಿ ಹೋದರೆ ತಾನು ಮನುಷ್ಯಳೇ ಅಲ್ಲ ಎಂದುಕೊಂಡಿದ್ದಳು.

ಗಂಡನ ಮನೆಗೆ ಹೊರಡುವ ದಿನ ಬೆಳಿಗ್ಗೆ ಕುಕ್ಕರನ್ನು ತಂಗಿಗೆಂದು ಒಲೆಯ ಮೇಲೇ ಬಿಟ್ಟಳು. ಸ್ನಾನ ಮುಗಿಸಿ ಬಂದರೆ ಅದು ಪೆಟ್ಟಿಗೆಯಲ್ಲಿ! ತಾನೇ ಇಟ್ಟಳೇ? ತೆಗೆದು ಮತ್ತೆ ಒಲೆಗಿಟ್ಟಳು. ಗೋಡೆ ಗಡಿಯಾರವನ್ನು ಮೊಳೆಯಲ್ಲೇ ಬಿಟ್ಟಿದ್ದಳು. ಅದು ಟವಲು ಸುತ್ತಿಕೊಂಡು ಹಾಸಿಗೆಯ ಚೀಲದೊಳಗೆ ಟಿಕ್ ಟಿಕ್ ಎನ್ನುತ್ತಿತ್ತು. ಕಟ್ಟಿದ್ದನ್ನು ಬಿಚ್ಚಿದಳು, ಬಿಚ್ಚಿದ್ದನ್ನು ಕಟ್ಟಿದಳು. ಒಂದು ತೆಗೆದರೆ ಎರಡು ಸೇರುತ್ತಿದ್ದವು. ಮದುವೆಯ ಗಡಿಬಿಡಿಗೆ ತಲೆ ಕೆಟ್ಟಿತೋ ಏನೋ ಎಂದು ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು.

ಟೆಂಪೋ ಬಾಗಿಲಿಗೆ ಬಂದಾಗ ಅಡುಗೆಮನೆಗೆ ಇಣುಕಿದರೆ, ತಂಗಿ ಕೊನೆಯ ತಟ್ಟೆಯನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು.

"ಅಯ್ಯೋ, ಇದೆಲ್ಲ ನಿಂದೇ ಕೆಲಸಾನಾ! ನನಗೇ ಅರಳುಮರಳು ಅಂದ್ಕೊಂಡಿದ್ದೆ ಕಣೇ. ಎಲ್ಲಾ ತುಂಬಿಟ್ರೆ ನೀನು ಯಾವುದರಲ್ಲಿ ಉಣ್ತೀಯ?"

"ಹೊಸದು ತಗೋತೀನಿ ಬಿಡಕ್ಕ."

"ಯಾಕೆ, ಇದಕ್ಕೇನಾಗಿದೆ?"

ತಂಗಿ ತಲೆ ಎತ್ತಲಿಲ್ಲ. "ಅರ್ಧ ಉಳಿದ್ರೆ, ನೀನಿಲ್ಲ ಅಂತ ದಿನಾ ಅದೇ ಹೇಳ್ತಿರುತ್ತೆ. ಎಲ್ಲಾ ಹೋಗ್ಲಿ. ನಾನೇ ಯಾವುದೋ ಹೊಸ ಮನೆಗೆ ಬಂದಿದೀನಿ ಅಂದ್ಕೋತೀನಿ."

ಪೊಟ್ಟಣದಕ್ಕನಿಗೆ ದುಃಖ ಉಕ್ಕಿ ಬಂತು. ಬಿಚ್ಚಬೇಕೋ, ಕಟ್ಟಬೇಕೋ, ಕೂತು ಅಳಬೇಕೋ ತಿಳಿಯಲಿಲ್ಲ. ಹೊರಗೆ ಡ್ರೈವರ್ ಹಾರ್ನ್ ಹೊಡೆದ. ಅವಳು ತಟ್ಟೆಯನ್ನು ಪೆಟ್ಟಿಗೆಯೊಳಗಿಟ್ಟು, ಮುಚ್ಚಿ, ಹಗ್ಗ ಸುತ್ತಿ ಎಳೆದಳು. ಗಂಟು ಜಾರದಂತೆ ತಂಗಿ ಅದರ ಮೇಲೆ ಬೆರಳೊತ್ತಿ ಹಿಡಿದಳು.

"ಬೆರಳು ತೆಗಿ, ಬಿಗೀತೀನಿ," ಎಂದಳು ಅಕ್ಕ.

ತಂಗಿ ತೆಗೆಯಲಿಲ್ಲ.