ಮಿಕ್ಸಿ ಅತ್ತೆಯ ಎಳೆತ

ಪತ್ರಿಕೆಯಲ್ಲಿ ನಮ್ಮ ಅತ್ತೆಯ ಬಗ್ಗೆ ಒಂದು ಪುಟ ಬಂದಿದೆ. ‘ಸಂಗೀತದಿಂದ ಉದ್ಯಮಕ್ಕೆ’ ಎಂದು ತಲೆಬರಹ, ಕೆಳಗೆ ಅವಳು ಕೈಕಟ್ಟಿಕೊಂಡು ನಗುತ್ತಿರುವ ಫೋಟೋ. ಅವಳು ಕೈಕಟ್ಟಿ ನಿಂತದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಮೇಜು, ತೊಡೆ, ಬಾಗಿಲು, ಎದುರಿಗಿದ್ದವರ ಬೆನ್ನು, ಏನು ಸಿಕ್ಕರೆ ಅದನ್ನು ಬೆರಳಲ್ಲಿ ಬಡಿಯುತ್ತಲೇ ಇರುತ್ತಾಳೆ. ಪತ್ರಿಕೆಯವರ ಪ್ರಕಾರ ಒಂದು ದಿನ ಅವಳಿಗೆ ಏನೋ ಹೊಳೆಯಿತಂತೆ, ಕಂಪನಿ ಶುರುವಾಯಿತಂತೆ. ಓದಿ ನನಗೆ ಮೈ ಉರಿಯಿತು. ಅವಳು ಮಾಡಿದ ತಪ್ಪನ್ನೇ ನುಂಗಿಹಾಕಿದ್ದಾರೆ. ಆ ತಪ್ಪಿಲ್ಲದಿದ್ದರೆ ಕಂಪನಿ ಇವತ್ತಿನ ಹಾಗೆ ಇರುತ್ತಲೇ ಇರಲಿಲ್ಲ. ಹಾಗಾಗಿ ನಾನೇ ಬರೆಯಲು ಕೂತಿದ್ದೇನೆ.

ಅತ್ತೆ ಎಂದರೆ ಅಪ್ಪನ ತಂಗಿ, ಅವನಿಗಿಂತ ಹನ್ನೊಂದು ವರ್ಷ ಚಿಕ್ಕವಳು. ಅಜ್ಜ ಅಜ್ಜಿ ಬೇಗ ತೀರಿಕೊಂಡದ್ದರಿಂದ ಅವಳನ್ನು ಸಾಕಿ ಓದಿಸಿದ್ದು ಅಪ್ಪನೇ. ಓದು ಮುಗಿಸಿ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಯಾರೋ ರಿಪೇರಿಗೆ ಕೊಟ್ಟು ಮರೆತುಬಿಟ್ಟಿದ್ದ ಡ್ರಮ್ ಮಷೀನೊಂದನ್ನು ಸರಿಮಾಡಿ ಮನೆಗೆ ಹೊತ್ತು ತಂದಳು. ಹದಿನಾರು ರಬ್ಬರ್ ಗುಂಡಿಗಳು, ಒಂದೊಂದನ್ನು ಒತ್ತಿದರೆ ಒಂದೊಂದು ಸದ್ದು. ಹಿಂದಿನ ಕೋಣೆಯ ಬಾಗಿಲಿಗೆ ಹಳೆಯ ಹಾಸಿಗೆ ಒರಗಿಸಿಕೊಂಡು ಸಂಜೆಯೆಲ್ಲ ಅದನ್ನೇ ಕುಟ್ಟುತ್ತಿದ್ದಳು. ಒಂದು ದಿನ ಅಮ್ಮ ಬಟ್ಟೆ ಒಣಹಾಕಿ ಒಳಗೆ ಬಂದವಳು, “ಅಡುಗೆಮನೇಲಿ ಮಿಕ್ಸಿ ಹಾಕಿ ಹಾಗೇ ಬಿಟ್ಟು ಬಂದಿದ್ಯಾರು?” ಎಂದು ಕೂಗಿದಳು. ಮಿಕ್ಸಿ ಸುಮ್ಮನೆ ಕೂತಿತ್ತು. ಅವತ್ತಿನಿಂದ ಅತ್ತೆಗೆ ಅದೇ ಹೆಸರು. ಅವಳೇನು ಬೇಜಾರು ಮಾಡಿಕೊಳ್ಳಲಿಲ್ಲ, ಮೊದಲ ಆಲ್ಬಮ್ಮಿನ ಮೇಲೆ ಆ ಹೆಸರನ್ನೇ ಹಾಕಿಕೊಂಡಳು.

ಎಲೆಕ್ಟ್ರೋ, ಹಿಪ್‌ಹಾಪ್ ಹಾಡುಗಳಿಗೆ ಬೀಟ್ ಕಟ್ಟುವುದು ಅವಳ ಕೆಲಸವಾಯಿತು. ಬೀಟ್ ಎಂದರೆ ಮಾತಿನ ಕೆಳಗೆ ಹರಿಯುವ ತಾಳ. ಅದರ ಮೇಲೆ ರ‍್ಯಾಪ್ ಹಾಡುವವರು ಬೇರೆ. ಕಂಪ್ಯೂಟರಿಗೆ ಬಿಟ್ಟರೆ ಅದು ಪ್ರತಿ ಪೆಟ್ಟನ್ನೂ ಸ್ಕೇಲು ಇಟ್ಟು ಗೆರೆ ಎಳೆದ ಹಾಗೆ ಅದರದರ ಜಾಗದಲ್ಲಿ ಕೂರಿಸುತ್ತದೆ. ಅತ್ತೆ ಹಾಗೆ ಕೂರಿಸುತ್ತಿರಲಿಲ್ಲ. ಅವಳ ಮೊದಲ ಪೆಟ್ಟು ಸರಿಯಾಗಿ ಬೀಳುತ್ತಿತ್ತು, ಎರಡನೆಯದು ಕೂದಲೆಳೆಯಷ್ಟು ತಡವಾಗಿ. ಕೇಳುವವರ ಕುತ್ತಿಗೆ ತಾನಾಗಿ ಹಿಂದಕ್ಕೆ ಹೋಗಿ ಮುಂದಕ್ಕೆ ಬರಬೇಕು. ಇದನ್ನು ಅವಳು ‘ಎಳೆತ’ ಎನ್ನುತ್ತಿದ್ದಳು. ದೂರದೂರದಿಂದ ಹಾಡುವವರು ಬಂದು ನಮ್ಮ ಮೆಟ್ಟಿಲ ಮೇಲೆ ಕಾದು ಕೂರುತ್ತಿದ್ದದ್ದು ಆ ಎಳೆತಕ್ಕಾಗಿಯೇ. ನೆಟ್ಟಗಿನ ತಾಳ ಕೇಳಿದರೆ ಅವಳು ಮೂಗು ಮುರಿಯುತ್ತಿದ್ದಳು. “ಗೋಡೆ ಗಡಿಯಾರದ ಕೆಲ್ಸ ಕಣೇ ಅದು. ಅದಕ್ಕೆ ಮನುಷ್ಯರು ಯಾಕೆ ಬೇಕು?” ಎನ್ನುತ್ತಿದ್ದಳು. ತಾಳವನ್ನು ನೆಟ್ಟಗೆ ಮಾಡುವ ಕೀಲಿಯನ್ನು ಕೀಬೋರ್ಡಿನಿಂದಲೇ ಕಿತ್ತು ಬಿಸಾಡಿದ್ದಳು. ಹಲ್ಲುದುರಿದ ಬಾಯಿಯ ಹಾಗೆ ಅಲ್ಲೊಂದು ತೂತು.

ಇತ್ತ ಅಪ್ಪ ಪ್ರೆಸ್ಸೊಂದರಲ್ಲಿ ಪ್ರೂಫ್ ರೀಡರ್. ಸಂಜೆ ಮನೆಗೆ ಬಂದ ಮೇಲೂ ಮುಂದಿನ ಕೋಣೆಯಲ್ಲಿ ಹಾಳೆ ಹರಡಿಕೊಂಡು ಅಲ್ಪವಿರಾಮ ಹುಡುಕುತ್ತ ಕೂರುವ ಮನುಷ್ಯ. ಅವನ ಕಿವಿಗೆ ಈ ಢುಂ ಟಕ್ ಹೇಗಿದ್ದೀತು? ಎದ್ದು ಹೋಗಿ ಬಾಗಿಲು ಬಡಿದು, “ಸದ್ದು ಸಣ್ಣಗೆ ಇಡೇ! ಅಕ್ಷರಗಳೆಲ್ಲ ಕುಣೀತಾ ಇವೆ!” ಎಂದು ರೇಗಿ ಬರುತ್ತಿದ್ದ. ಇಪ್ಪತ್ತು ವರ್ಷ ಅಣ್ಣತಂಗಿಯರ ನಡುವೆ ಅವಳ ಸಂಗೀತದ ಬಗ್ಗೆ ನಡೆದ ಮಾತು ಅಷ್ಟೇ. ಒಮ್ಮೆ ಅವಳು ಹೊಸ ಆಲ್ಬಮ್ಮನ್ನು ಅವನ ಮೇಜಿನ ಮೇಲಿಟ್ಟು ಬಂದಳು. ಕವರಿನಲ್ಲಿದ್ದ ಎರಡು ಕಾಗುಣಿತದ ತಪ್ಪನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ಸು ಇಟ್ಟ.

ಅವಳಿಗೆ ನಲವತ್ತು ದಾಟುವ ಹೊತ್ತಿಗೆ ಹಾಡುವವರು ಫೋನಿನಲ್ಲೇ ಬೀಟ್ ಇಳಿಸಿಕೊಳ್ಳತೊಡಗಿದರು. ಮೆಟ್ಟಿಲು ಖಾಲಿಯಾಯಿತು. ಅದೇ ವರ್ಷ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಮಾತು ಉಳಿಯಿತು, ಕೈಯೂ ಹೆಚ್ಚುಕಡಿಮೆ ಉಳಿಯಿತು, ಎಡಗಾಲು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಆಸ್ಪತ್ರೆಯ ಫಿಸಿಯೋ ಮೇಡಂ ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿದರು: “ಆರು ತಿಂಗಳು ಟೈಮಿದೆ ಅಂತ ಇಟ್ಕೊಳ್ಳಿ. ಅಷ್ಟರಲ್ಲಿ ಕಾಲು ಏನು ಕಲಿಯುತ್ತೋ ಅದೇ ಗಟ್ಟಿಯಾಗಿ ನಿಲ್ಲುತ್ತೆ. ಆಮೇಲೆ ತಿದ್ದೋದು ಬಹಳ ಕಷ್ಟ.” ಜೀವನವಿಡೀ ತಿದ್ದುವ ಕೆಲಸ ಮಾಡಿದ ಅಪ್ಪ ಅದನ್ನು ಕೇಳಿ ಗೋಡೆ ಕಡೆ ಮುಖ ತಿರುಗಿಸಿಕೊಂಡ.

ಮೇಡಂ ಚಪ್ಪಾಳೆ ತಟ್ಟುತ್ತ, “ಒಂದು, ಎರಡು” ಎಂದು ಅವನನ್ನು ನಡೆಸುತ್ತಿದ್ದರು. ತಾಳವಿದ್ದರೆ ಕಾಲು ತಾನೇ ಮುಂದೆ ಹೋಗುತ್ತದೆ, ಇದು ಅವರ ವಿದ್ಯೆಯಲ್ಲಿ ಇರುವುದೇ. ಮೂಲೆಯಲ್ಲಿ ಕೂತಿದ್ದ ಅತ್ತೆಗೆ ಆ ಚಪ್ಪಾಳೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿಯಿತು. ಹೊರಗೆ ಬಂದು ನನ್ನ ಮೇಲೆ ಹರಿಹಾಯ್ದಳು.

“ಐವತ್ತೆಂಟಕ್ಕೆ ಶುರು ಮಾಡಿ ಎಪ್ಪತ್ತಕ್ಕೆ ಹೋಗ್ತಾರಲ್ಲೇ ಆಯಮ್ಮ! ಅಣ್ಣ ಪಾಪ ಯಾವುದನ್ನ ಹಿಡ್ಕೋಬೇಕು?”

ಐವತ್ತೆಂಟು ಎಂದರೆ ನಿಮಿಷಕ್ಕೆ ಐವತ್ತೆಂಟು ಪೆಟ್ಟು. ಅವಳಿಗೆ ಲೋಕವೆಲ್ಲ ಆ ಲೆಕ್ಕದಲ್ಲೇ ಕೇಳಿಸುವುದು.

ವಾರದೊಳಗೆ ಒಂದು ಡಬ್ಬಿ ಮಾಡಿಕೊಂಡು ಬಂದಳು. ಸೋಪಿನ ಪೆಟ್ಟಿಗೆಯಷ್ಟು ದೊಡ್ಡದು, ನಿಧಾನಕ್ಕೊಂದು ಬೇಗಕ್ಕೊಂದು ಗುಂಡಿ, ಕಿವಿಗೆ ಇಯರ್‌ಫೋನ್. ಸೊಂಟಕ್ಕೆ ಕಟ್ಟಿಕೊಳ್ಳುವ ಚೀಲ ನಾನು ಹೊಲಿದೆ. ಅಪ್ಪ ಅದನ್ನು ಹಾಕಿಕೊಂಡು ಮೊದಲ ದಿನವೇ ಮಂಚದಿಂದ ಕಿಟಕಿಯವರೆಗೆ ನಡೆದ. ಮೇಡಂ ಬೆರಗಾಗಿ ಇನ್ನೂ ಹತ್ತು ಕೇಳಿದರು. ರೇಡಿಯೋ ಅಂಗಡಿಯ ಹಳೆಯ ಮೇಸ್ತ್ರಿಯನ್ನು ಬೆಸುಗೆ ಹಾಕಲು ಕರೆದುಕೊಂಡು, ಸೈಕಲ್ ಅಂಗಡಿಯ ಮೇಲೊಂದು ಕೋಣೆ ಹಿಡಿದು, ‘ಹೆಜ್ಜೆ’ ಎಂದು ಬೋರ್ಡು ಹಾಕಿದಳು. ಮಾಲೀಕಳು, ಮೇಸ್ತ್ರಿ, ನಾನು, ಇಷ್ಟೇ ಜನ. ಎರಡು ತಿಂಗಳಲ್ಲಿ ನಲವತ್ತು ಡಬ್ಬಿ ಹೊರಗೆ ಹೋದವು. ಪತ್ರಿಕೆಯ ಕಥೆ ಇಲ್ಲಿಂದ ಸೀದಾ ಮೊನ್ನೆ ಅವಳಿಗಾದ ಸನ್ಮಾನಕ್ಕೆ ಹಾರುತ್ತದೆ.

ನಡುವೆ ಮೇಡಂ ಫೋನ್ ಮಾಡಿದ್ದರು. “ಸ್ವಲ್ಪ ಬಂದು ಹೋಗ್ತೀರಾ? ನಿಮ್ಮ ಡಬ್ಬಿಯವರು ಯಾರು ಅಂತ ನಾನು ಕಾರಿಡಾರಿನ ಆ ತುದಿಯಿಂದಲೇ ಹೇಳ್ತೀನಿ.”

ಹೋದೆವು. ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಐದು ಜನ ಗೋಡೆಯ ಕಂಬಿ ಹಿಡಿದು ನಡೆಯುತ್ತಿದ್ದರು. ಒಬ್ಬ ಅಜ್ಜಿ, ಒಬ್ಬ ಬಸ್ ಡ್ರೈವರ್, ಇಬ್ಬರು ನನಗೆ ಗೊತ್ತಿಲ್ಲದವರು, ನಮ್ಮಪ್ಪ. ಐವರೂ ಒಂದು ಕಾಲನ್ನು ಸರಿಯಾಗಿ ಊರುತ್ತಿದ್ದರು, ಇನ್ನೊಂದನ್ನು ಕೂದಲೆಳೆಯಷ್ಟು ತಡವಾಗಿ ಎಳೆಯುತ್ತಿದ್ದರು. ಐವರದೂ ಒಂದೇ ಕುಂಟು.

ಅತ್ತೆಯ ಮುಖ ಒಂದು ಕ್ಷಣ ಅರಳಿತು, ಅದನ್ನು ನಾನು ಮುಚ್ಚಿಡುವುದಿಲ್ಲ. “ನೋಡೇ, ಎಳೆತ ಹಿಡ್ದುಬಿಟ್ಟಿದಾರೆ!” ಎಂದು ನನ್ನ ತೋಳು ಹಿಂಡಿದಳು. ಆಮೇಲೆ ಅಪ್ಪ ತಿರುಗಿ ನಮ್ಮ ಕಡೆ ಬರತೊಡಗಿದ. ಎಡಗಾಲು ಎಳೆಯುತ್ತಿತ್ತು. ಅವಳ ಕೈ ಸಡಿಲವಾಯಿತು.

“ಕಾಲಿನ ತೊಂದ್ರೆ ಅಲ್ಲ ಇದು,” ಎಂದರು ಮೇಡಂ. “ಡಬ್ಬಿ ತೆಗೆದು ನಾನು ಎಣಿಸಿದ್ರೆ ಕಾಲು ಇಷ್ಟು ಎಳೆಯಲ್ಲ. ಹೀಗೇ ಬಿಟ್ರೆ ಇದೇ ಅಭ್ಯಾಸ ಆಗಿಬಿಡುತ್ತೆ.”

ಆರು ತಿಂಗಳಲ್ಲಿ ಮೂರು ಮುಗಿದಿದ್ದವು. ತಾಳ ಕಟ್ಟುವವರಲ್ಲದೆ ಬೇರೆ ಯಾರೂ ಮಾಡಲಾಗದ ತಪ್ಪು ಅದು. ಬೇರೆ ಯಾರು ಮಾಡಿದ್ದರೂ ಆ ಡಬ್ಬಿ ಟಕ್ ಟಕ್ ಎಂದು ನೆಟ್ಟಗೆ ಹೊಡೆಯುತ್ತಿತ್ತು. ಇವಳ ಕೈ ಇಪ್ಪತ್ತು ವರ್ಷದ ರೂಢಿಯಲ್ಲಿ ಎರಡನೆಯ ಪೆಟ್ಟನ್ನು ಎಳೆದಿತ್ತು, ಎಳೆದದ್ದು ಅವಳಿಗೇ ಗೊತ್ತಿರಲಿಲ್ಲ. ನನಗೆ ಅವಳ ಮೇಲೆ ಕೆಂಡದಂಥ ಸಿಟ್ಟು ಬಂತು. ಆಟೋದಲ್ಲಿ ಬಾಯಿಗೆ ಬಂದ ಹಾಗೆ ಬೈದೆ.

ಕೋಣೆಗೆ ಬಂದವಳು ಕಂಪ್ಯೂಟರಿನ ಮುಂದೆ ಕೂತು, ತಲೆಗೂದಲಿನ ಪಿನ್ನು ತೆಗೆದು, ಕೀಬೋರ್ಡಿನ ಆ ತೂತಿಗೆ ಚುಚ್ಚಿದಳು. ತಾಳ ನೆಟ್ಟಗಾಯಿತು. ನಲವತ್ತು ಡಬ್ಬಿಗಳನ್ನೂ ವಾಪಸ್ಸು ತರಿಸಿದಳು. ಪ್ರತಿ ಮನೆಗೂ ತಾನೇ ಫೋನ್ ಮಾಡಿ, “ತಪ್ಪು ನಂದೇ,” ಎಂದಳು. ಮೇಸ್ತ್ರಿ ಒಂದೊಂದಾಗಿ ಬಿಚ್ಚಿ ಹೊಸ ತಾಳ ತುಂಬಿದ. ಉಳಿದವರ ಕುಂಟು ನಿಧಾನವಾಗಿ ಬಿಟ್ಟಿತು.

ಅಪ್ಪನದು ಬಿಡಲಿಲ್ಲ. ಹೊಸ ತಾಳದ ಡಬ್ಬಿಯನ್ನು ಒಂದು ಸಲ ಹಾಕಿ ನೋಡಿದವನು ಮತ್ತೆ ಹಾಕಿಕೊಳ್ಳಲೇ ಒಪ್ಪಲಿಲ್ಲ. “ಯಾರೋ ಕೋಲು ಹಿಡ್ಕೊಂಡು ಹಿಂದಿಂದ ಅಟ್ಟಿಸ್ಕೊಂಡು ಬಂದ ಹಾಗಿದೆ. ನಾನು ನಡಿಯಲ್ಲ,” ಎಂದು ಕುರ್ಚಿ ಹಿಡಿದು ಕೂತ. ಒಂದು ದಿನವಲ್ಲ, ಹನ್ನೆರಡು ದಿನ. ಅಮ್ಮ ಬೇಡಿಕೊಂಡಳು, ಮೇಡಂ ಗದರಿದರು, ನಾನು ಕಣ್ಣೀರು ಹಾಕಿದೆ. ಜಪ್ಪಯ್ಯ ಎಂದರೂ ಏಳಲಿಲ್ಲ. ಅಪ್ಪ ಇನ್ನು ಕುರ್ಚಿಯಲ್ಲೇ ಉಳಿದುಬಿಡುತ್ತಾನೆ ಎಂದು ನನಗೆ ನಿಜವಾಗಿ ಭಯವಾಯಿತು.

ಹದಿಮೂರನೆಯ ದಿನ ಮಧ್ಯಾಹ್ನ ನಾನು ಚೀಲ ಹೊಲಿಯುತ್ತಿದ್ದೆ. ಅತ್ತೆ ಕಣ್ಣು ಮುಚ್ಚಿಕೊಂಡು ಮೇಜಿನ ಮೇಲೆ ಬೆರಳು ಬಡಿಯುತ್ತಿದ್ದಳು, ಬಹಳ ಹೊತ್ತು. ಆಮೇಲೆ, “ನೂರ ನಾಲ್ಕು,” ಎಂದಳು.

“ಏನದು?”

“ನಿಮ್ಮಪ್ಪ. ಕಾಲು ಚೆನ್ನಾಗಿದ್ದಾಗ.”

ಅಪ್ಪ ಮನೆಯೊಳಗೆ ಮೆಟ್ಟುತ್ತಿದ್ದ ಹಳೆಯ ಚಪ್ಪಲಿ ತರಲು ಹೇಳಿದಳು. ಅದನ್ನು ತಾನೇ ಮೆಟ್ಟಿಕೊಂಡು, ಸಿಮೆಂಟು ನೆಲದ ಮೇಲೆ ಹಿಮ್ಮಡಿ ಮೊದಲು ಊರಿ, ಮುಂಗಾಲು ಆಮೇಲೆ ಊರಿ, ಮೈಕು ನೆಲಕ್ಕಿಟ್ಟು ಒಂದೊಂದು ಹೆಜ್ಜೆಯನ್ನು ಐವತ್ತು ಸಲ ಹಿಡಿದಳು. “ಇದಲ್ಲ... ಇದೂ ಅಲ್ಲ... ಅಣ್ಣಂದು ಇಷ್ಟು ಜೋರಿಲ್ಲ,” ಎಂದು ಅಳಿಸಿ ಅಳಿಸಿ, ಕೊನೆಗೆ ತಲೆಯಾಡಿಸಿದಳು. ಎಳೆತವಿಲ್ಲ, ಅಲಂಕಾರವಿಲ್ಲ, ಬರೀ ಒಬ್ಬ ಮನುಷ್ಯ ನಡೆದುಕೊಂಡು ಬರುವ ಸದ್ದು. ಅದನ್ನು ಅರವತ್ತಕ್ಕೆ ಇಳಿಸಿ ಡಬ್ಬಿಗೆ ತುಂಬಿದಳು. ವಾರಕ್ಕೆ ನಾಲ್ಕು ಏರಿಸುವುದು, ಹನ್ನೊಂದು ವಾರಕ್ಕೆ ನೂರ ನಾಲ್ಕು. ನಮ್ಮ ಹತ್ತಿರ ಉಳಿದಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ ವಾರ.

ಅಪ್ಪ ಗೊಣಗುತ್ತಲೇ ಕಿವಿಗೆ ಹಾಕಿಕೊಂಡ. ಸ್ವಲ್ಪ ಹೊತ್ತು ಕೇಳಿದ. ಎದ್ದು ನಿಂತ.

ಇವತ್ತು ನಮ್ಮ ಕಂಪನಿಗೆ ಯಾರು ಬಂದರೂ ನಾವು ಮೊದಲು ಕೇಳುವುದು ಒಂದೇ ಪ್ರಶ್ನೆ: “ಮನೇಲಿ ಇವರ ಹೆಜ್ಜೆ ಗುರುತಿರೋದು ಯಾರಿಗೆ?” ಯಾರೋ ಒಬ್ಬರು ಇದ್ದೇ ಇರುತ್ತಾರೆ. ಹೆಂಡತಿಯೋ ಮಗಳೋ ಮೇಜಿನ ಮೇಲೆ ಬಡಿದು ತೋರಿಸುತ್ತಾರೆ, ಅತ್ತೆ ಅದನ್ನೇ ಹಿಡಿಯುತ್ತಾಳೆ. ಕಂಪನಿ ಬೆಳೆದದ್ದು ಹೀಗೆ.

ಹನ್ನೊಂದನೆಯ ವಾರ ಅಪ್ಪ ಕೋಲಿಲ್ಲದೆ, ಕಂಬಿ ಹಿಡಿಯದೆ ಕಾರಿಡಾರಿನ ತುದಿಯಿಂದ ನಮ್ಮ ಕಡೆ ನಡೆದು ಬಂದ. ಎರಡು ಕಾಲೂ ಸಮ. ಮೇಡಂ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ನಾನು ಗಳಗಳ ಅತ್ತುಬಿಟ್ಟೆ, ನಾಚಿಕೆಯೇನಿಲ್ಲ. ಅತ್ತೆಯ ಮುಂದೆ ಬಂದು ನಿಂತು ಅವನು ಇಯರ್‌ಫೋನ್ ತೆಗೆದ.

“ಇದು ನನ್ನ ನಡಿಗೆ ಅಲ್ವೇನೇ?”

“ಹೂಂ, ಅಣ್ಣ.”

“ನಿಂಗೆ ಹೇಗೆ ಗೊತ್ತು?”

“ಇಪ್ಪತ್ತು ವರ್ಷ ಹೆದರ್ಕೊಂಡು ಕೇಳಿಸ್ಕೊಂಡಿದೀನಿ. ನೀನು ಎದ್ದು ನನ್ನ ಕೋಣೆ ಕಡೆ ಬರೋ ಸದ್ದು. ಈಗ ಬಂದ, ಈಗ ಬೈತಾನೆ ಅಂತ.”

ಅಪ್ಪ ನೆಲ ನೋಡಿದ. ತಿದ್ದಲು ಅಲ್ಲೇನೂ ಇರಲಿಲ್ಲ.

“ಬಂದ ತಕ್ಷಣ ಬಾಗಿಲು ಬಡೀತಿರ್ಲಿಲ್ಲ ಕಣೇ ನಾನು,” ಎಂದ. “ಸ್ವಲ್ಪ ಹೊತ್ತು ಹೊರಗೆ ನಿಂತ್ಕೋತಿದ್ದೆ.”

“ಗೊತ್ತು. ಹೆಜ್ಜೆ ನಿಂತ ಮೇಲೆ ಒಂದೊಂದು ಸಲ ಪೂರ್ತಿ ಒಂದು ಹಾಡು. ಕೋಪ ಕೂಡಿಸ್ಕೋತಿದೀಯ ಅಂದ್ಕೊಂಡಿದ್ದೆ.”

“ಇಲ್ಲ,” ಎಂದ ಅಪ್ಪ. “ಕೇಳ್ತಿದ್ದೆ.”