ನಮ್ಮಕ್ಕನ ಮೇಲೆ ತೆಗೆದ ಕಾಮಿಡಿ

ನಮ್ಮಕ್ಕ ಮೋಟಾರಿಗೆ ತಂತಿ ಸುತ್ತುವವಳು. ಅಂಗಡಿ ನನ್ನದು, ಕೈ ಅವಳದು. ಗಂಡ ತೀರಿಕೊಂಡ ವರ್ಷ ಬಂದು ಆ ಸ್ಟೂಲಿನ ಮೇಲೆ ಕೂತವಳು, ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದ್ದಾಳೆ. ಸುತ್ತುವ ಯಂತ್ರದಲ್ಲಿ ಸುತ್ತು ಎಣಿಸುವ ಮೀಟರು ಕೆಟ್ಟು ಎಷ್ಟೋ ಕಾಲವಾಯಿತು, ನಾನು ಹೊಸದು ಹಾಕಿಸಲಿಲ್ಲ. ಸುತ್ತನ್ನು ಬಾಯಲ್ಲೇ ಎಣಿಸುತ್ತಾಳೆ. ಲೆಕ್ಕ ತಪ್ಪಿದರೆ ಮೋಟಾರು ಕಾದು ಸುಟ್ಟುಹೋಗುತ್ತದೆ. ಕೆಲಸ ನಿಧಾನ ಅಂದರೆ ನಿಧಾನ. ಅದಕ್ಕೇ ‘ಆಮೆ’ ಎಂದು ಹೆಸರಿಟ್ಟೆ. ಗಿರಾಕಿಗಳೂ ಹಾಗೇ ಕರೆಯುತ್ತಾರೆ.

ನನ್ನ ಮಗಳು ಸಿನಿಮಾ ಓದುತ್ತಾಳೆ. ಕೊನೇ ವರ್ಷಕ್ಕೆ ಹತ್ತು ನಿಮಿಷದ ಚಿತ್ರ ಮಾಡಬೇಕಂತೆ. ಅದು ಯಾವ ಬಗೆಯದು ಅಂತ ಮೊದಲೇ ಬರೆದುಕೊಡಬೇಕಂತೆ. ಅವಳೂ ಅವಳ ಗೆಳತಿ ಕನ್ನಡಕದವಳೂ ನನ್ನ ಅಂಗಡಿಯಲ್ಲೇ ಕೂತು ಜಗಳಕ್ಕೆ ಬಿದ್ದರು.

“ದೆವ್ವದ್ದು ಮಾಡೋಣ ಕಣೇ,” ಅಂದಳು ಕನ್ನಡಕದವಳು.

“ಬೇಡ. ಅತ್ತೆ ಬಗ್ಗೆ ಸಾಕ್ಷ್ಯಚಿತ್ರ.”

ನಾನು ಸುಮ್ಮನಿರಬೇಕಿತ್ತು. “ಅದನ್ನ ಯಾರು ನೋಡ್ತಾರಮ್ಮ? ಆಕಳಿಸ್ತಾರೆ ಅಷ್ಟೆ. ಕಾಮಿಡಿ ಮಾಡಿ. ಆಮೆ ಒಂದು ಮೋಟಾರು ಮುಗಿಸೋ ಅಷ್ಟರಲ್ಲಿ ಗಿರಾಕಿಗೆ ಗಡ್ಡ ಬಂದಿರುತ್ತೆ, ಅದನ್ನ ತೋರಿಸಿ!” ಎಂದು ನಾನೇ ಗಹಗಹಿಸಿದೆ. ಅಕ್ಕನೂ ನಕ್ಕಳು. ಕಾಮಿಡಿ ಎಂದೇ ಬರೆದುಕೊಟ್ಟರು.

ಮೂರು ದಿನ ಮೂಲೆಯಲ್ಲಿ ಕ್ಯಾಮೆರಾ ಇಟ್ಟರು. ಒಂದು ದಿನದಲ್ಲೇ ನಾನು ಅದನ್ನು ಮರೆತೆ.

ನಾಲ್ಕನೇ ದಿನ ಬೆಳಿಗ್ಗೆ, ಅಕ್ಕ ಬರುವ ಮುಂಚೆ, ಮಗಳು ಲ್ಯಾಪ್‌ಟಾಪು ತಂದು ಮೇಜಿನ ಮೇಲಿಟ್ಟಳು. “ಅಪ್ಪಾ, ಬೈಬಾರದು. ನೋಡು.”

ಅಕ್ಕ ಸುತ್ತುತ್ತಿದ್ದಾಳೆ, ತುಟಿ ಅಲ್ಲಾಡುತ್ತಿದೆ. ಹೊರಗಿನಿಂದ ನನ್ನ ಗಂಟಲು: “ಏಯ್, ಸ್ಪ್ಯಾನರ್ ಎಲ್ಲಿ ಹಾಳಾಗ್ಹೋಯ್ತು?” ಅವಳ ಕೈ ನಿಲ್ಲುತ್ತದೆ, ಎಣಿಕೆ ತಪ್ಪಿದೆ. ಒಂದು ಗಳಿಗೆ ಗೋಡೆ ನೋಡುತ್ತಾಳೆ. ಆಮೇಲೆ ಸುತ್ತಿದ್ದಷ್ಟನ್ನೂ ಬಿಚ್ಚಿ, ಮತ್ತೆ ಒಂದರಿಂದ ಶುರು. ಅರ್ಧ ಸುತ್ತಿರುತ್ತಾಳೆ, ಮತ್ತೆ ನಾನು. ಮತ್ತೆ ಬಿಚ್ಚುತ್ತಾಳೆ. ಒಂದೇ ತಂತಿಸುರುಳಿಗೆ ಐದು ಸಲ. ಆರನೇ ಸಲ ನಾನು ಒಳಗೇ ಬಂದು, ಗಿರಾಕಿಯ ಎದುರಿಗೆ, “ಇನ್ನೂ ಆಗಿಲ್ವಾ? ಆಮೆಗೂ ನಾಚಿಕೆ ಆಗಬೇಕು” ಅನ್ನುತ್ತಿದ್ದೇನೆ.

ನನಗೆ ತಲೆ ಎತ್ತಲಾಗಲಿಲ್ಲ.

“ಇದನ್ನ ಇಟ್ರೆ ಕಾಮಿಡಿ ಆಗಲ್ಲಪ್ಪ,” ಅಂದಳು ಮಗಳು. “ಬರೆದುಕೊಟ್ಟಿದ್ದನ್ನ ಬದಲಾಯಿಸೋಕೆ ನಾಳೆವರೆಗೂ ಟೈಮಿದೆ. ನೀನೇ ಹೇಳು.”

ಅಷ್ಟರಲ್ಲಿ ಅಕ್ಕ ಬಂದಳು. ನಿಂತುಕೊಂಡೇ ಪೂರ್ತಿ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು: “ಇವನು ಕಿರುಚೋದನ್ನೆಲ್ಲ ತೆಗೆದುಹಾಕು ಪುಟ್ಟೀ. ನಿನ್ನ ಕಾಲೇಜಿನೋರ ಮುಂದೆ ನಿಮ್ಮಪ್ಪನ ಮಾನ ಯಾಕೆ ಕಳೀತೀಯ? ಕಾಮಿಡೀನೇ ಇರಲಿ. ನಾನು ನಿಧಾನ ಅನ್ನೋದು ಎಲ್ಲರಿಗೂ ಗೊತ್ತಿರೋದೇ ತಾನೆ.”

“ಅತ್ತೇ, ನೀವು ನಿಧಾನ ಅಲ್ಲ!”

“ಸುಮ್ನಿರೇ.”

ಮಗಳು ನನ್ನ ಕಡೆ ತಿರುಗಿದಳು. ‘ಬೇಡ, ಇದ್ದದ್ದು ಇದ್ದಹಾಗೇ ಇರಲಿ’ ಅಂತ ನಾನು ಹೇಳಬೇಕಿತ್ತು. ಸ್ಪ್ಯಾನರಿಗೆ ಬೀದಿ ಕೇಳುವ ಹಾಗೆ ಕೂಗುವವನು, ಆಗ ಬಾಯಿಗೆ ಬೀಗ ಹಾಕಿಕೊಂಡು ಮೋಟಾರಿನ ಮುಚ್ಚಳ ಬಿಚ್ಚುತ್ತ ಕೂತೆ. ಮಗಳು ಆಮೇಲೆ ಲ್ಯಾಪ್‌ಟಾಪು ಮುಚ್ಚಿದಳು.

ಕಾಲೇಜಿನ ಸಭಾಂಗಣದಲ್ಲಿ ಚಿತ್ರ ತೋರಿಸಿದರು. ಅಕ್ಕ ಸುತ್ತುತ್ತಾಳೆ, ಬಿಚ್ಚುತ್ತಾಳೆ, ಸುತ್ತುತ್ತಾಳೆ. ನನ್ನ ಕೂಗು ಎಲ್ಲೂ ಇಲ್ಲ; ಯಾಕೆ ಬಿಚ್ಚುತ್ತಾಳೆಂದು ನೋಡುವವರಿಗೆ ತಿಳಿಯುವುದಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಪಕ್ಕದಲ್ಲಿ ಅಕ್ಕನೂ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಹಿಂದಿನ ಸಾಲಿನವರೊಬ್ಬರು ನನ್ನ ಬೆನ್ನು ತಟ್ಟಿ, “ಒಳ್ಳೇ ತಾಳ್ಮೆ ಸಾರ್ ನಿಮ್ದು, ಇಂಥೋರನ್ನ ಇಟ್ಕೊಂಡಿದೀರಲ್ಲ” ಅಂದರು.

ನಾನು “ಹ್ಞೂಂ” ಅಂದೆ. ಅಕ್ಕನಿಗೂ ಅದು ಕೇಳಿಸಿತು.